ಪ್ರಜಾಪ್ರತಿನಿಧಿಯ ಆಸ್ತಿಪ್ರಕಟನೆ

(ಶ್ರೀಮಠದ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)

 

ಈ ಮಹೋತ್ಸವದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಸನ್ನಿಧಾನದವರು ಅಪ್ಪಣೆ ಕೊಡಿಸಿದಾಗ, ನಾನು ಷಟ್‌ಸ್ಥಲವನ್ನು ಕುರಿತಾಗಲಿ ಶಬ್ದಶಾಸ್ತ್ರವನ್ನು ಕುರಿತಾಗಲಿ ಮಾತನಾಡುವೆನೆಂದು ತಾವೆಲ್ಲರೂ ತಿಳಿದಿದ್ದಿರಬಹುದು. ಪಾಠಶಾಲೆಯಲ್ಲಿ ಕಲಿತು, ಪಾಠಶಾಲೆಯಲ್ಲಿಯೇ ಕಲಿಸುತ್ತ ತಲೆ ನರೆತವನಿಗೆ ಅದೇ ಸಹಜವಾದುದು. ಆದರೆ ಕೆಲವು ವರ್ಷಗಳಿಂದ ನನ್ನ ಮನಸ್ಸನ್ನು ಕೊರೆಯುತ್ತಿರುವ ಬೇರೊಂದು ವಿಷಯವಿದೆ. ಅದು ಲೌಕಿಕವಾದುದೆಂದು ಕಂಡರೂ ಧರ್ಮಕ್ಕೆ ಹೊರಗಾದುದಲ್ಲ. ಆದುದರಿಂದ ಅದನ್ನೇ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುವೆನು. ಚುನಾವಣೆಗೆ ನಿಲ್ಲುವ ಉಮೇದುವಾರನು ತನ್ನ ಆಸ್ತಿಪಾಸ್ತಿಗಳನ್ನೂ ಸಾಲಸೋಲಗಳನ್ನೂ ಜನರ ಮುಂದೆ ಪ್ರಕಟಿಸಬೇಕೇ ಬೇಡವೇ ಎಂಬುದೇ ಆ ವಿಷಯ.

ಇದು ನನ್ನ ತಲೆಗೆ ಹೊಕ್ಕ ಬಗೆಯನ್ನು ಮೊದಲು ಹೇಳುತ್ತೇನೆ. 2023ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ, ವಿಧಾನಸಭೆಯ ಚುನಾವಣೆಗೆ ನಾಮಪತ್ರಗಳು ಸಲ್ಲಿಕೆಯಾದ ದಿನಗಳಲ್ಲಿ, ಪಾಠಶಾಲೆಯ ಕೆಲಸವೊಂದರ ನಿಮಿತ್ತ ನಾನು ತಾಲ್ಲೂಕು ಕಚೇರಿಗೆ ಹೋಗಿದ್ದೆನು. ಅಲ್ಲಿಯ ಪ್ರಕಟನಾ ಫಲಕದಲ್ಲಿ ಉಮೇದುವಾರರ ಪ್ರಮಾಣಪತ್ರಗಳನ್ನು ತೂಗುಹಾಕಿದ್ದರು. ಅದರ ಮುಂದೆ ವಯಸ್ಸಾದ ರೈತರೊಬ್ಬರು ಕೈಯಲ್ಲಿ ಪಹಣಿಯ ಕಾಗದವನ್ನು ಹಿಡಿದು ನಿಂತಿದ್ದರು. ನನ್ನ ವಿಭೂತಿಯನ್ನು ಕಂಡು ಕೈಮುಗಿದು, "ಸ್ವಾಮೀ, ಇದ್ರಾಗೆ ಏನು ಬರ್ದವ್ರೆ, ವಸಿ ಓದಿ ಹೇಳಿ" ಎಂದರು. ಒಂದೊಂದು ಕಾಗದವೂ ಹತ್ತಾರು ಪುಟಗಳಷ್ಟಿತ್ತು; ನಾನು ನೋಡಿದವುಗಳಲ್ಲಿ ಕೆಲವು ಇಂಗ್ಲಿಷಿನಲ್ಲಿದ್ದವು. ನನಗೆ ತಿಳಿದ ಮಟ್ಟಿಗೆ ಓದಿ ಹೇಳಿದೆನು: ಇವರಿಗೆ ಇಷ್ಟು ಎಕರೆ, ಇಷ್ಟು ನಿವೇಶನ, ಇಷ್ಟು ಬಂಗಾರ, ಬ್ಯಾಂಕಿನಲ್ಲಿ ಇಷ್ಟು, ಹೆಂಡತಿಯ ಹೆಸರಿನಲ್ಲಿ ಇಷ್ಟು, ಸಾಲ ಇಷ್ಟು ಎಂದು. ಅವರು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಅಲ್ಲ ಸ್ವಾಮೀ, ನಾನು ಮೂರು ಎಕ್ರೆ ಮ್ಯಾಲೆ ಬೆಳೆಸಾಲ ಕೇಳಕ್ಕೆ ಬಂದಿವ್ನಿ. ಪಾಣಿ ತತ್ತಾ ಅಂದ್ರು, ತಂದೆ. ಇ.ಸಿ. ತತ್ತಾ ಅಂದ್ರು, ತಂದೆ. ಜಾಮೀನಿಗೆ ಜನ ಬೇಕು ಅಂದ್ರು, ಕರ್ಕೊಂಡು ಬಂದೆ. ಇವ್ರು ನಾಡನ್ನೇ ಕೇಳ್ತಾವ್ರೆ. ಇವ್ರ ಕಾಗ್ದ ಯಾರಾನ ಓದವ್ರಾ?"

ಮಹಾಜನಗಳೇ, ನನ್ನಲ್ಲಿ ಉತ್ತರವಿರಲಿಲ್ಲ. ಇದಕ್ಕಿಂತಲೂ ಹೆಚ್ಚಾಗಿ ನನ್ನನ್ನು ಚುಚ್ಚಿದ್ದು ಇನ್ನೊಂದು. ಆ ಕಾಗದಗಳಲ್ಲಿ ಒಂದು, ಶ್ರೀಮಠಕ್ಕೆ ನಡೆದುಕೊಳ್ಳುವ, ದಾಸೋಹಕ್ಕೆ ಕೈಯೆತ್ತಿ ಕೊಟ್ಟಿದ್ದವರದಾಗಿತ್ತು. ಅದನ್ನು ಓದುವಾಗ ನಾನು ನನಗೆ ತಿಳಿಯದಂತೆಯೇ ಧ್ವನಿಯನ್ನು ತಗ್ಗಿಸಿದೆನು. ಏತಕ್ಕೆ ತಗ್ಗಿಸಿದೆ? ಅವರು ತಪ್ಪು ಮಾಡಿದ್ದರೆಂದು ನನಗೆ ಗೊತ್ತಿರಲಿಲ್ಲ; ಇಂದಿಗೂ ಗೊತ್ತಿಲ್ಲ. ಆದರೂ ತಗ್ಗಿಸಿದೆ. ಈ ಉಪನ್ಯಾಸವು ಆ ತಗ್ಗಿದ ಧ್ವನಿಗೆ ಒಂದು ಪ್ರಾಯಶ್ಚಿತ್ತವೆಂದು ತಾವು ಭಾವಿಸಬಹುದು.

ನಮ್ಮ ಶಾಸ್ತ್ರಗಳಲ್ಲಿ ಯಾವುದೊಂದು ಅರ್ಥವನ್ನು ನಿರ್ಣಯಿಸಬೇಕಾದರೂ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳಿಂದ ವಿಚಾರಿಸುವ ಸಂಪ್ರದಾಯವುಂಟು. ಎದುರಾಳಿಯ ಮಾತನ್ನು ಪೂರ್ಣವಾಗಿ ಕೇಳಿದಲ್ಲದೆ ತನ್ನ ಮಾತನ್ನು ಸ್ಥಾಪಿಸತಕ್ಕದ್ದಲ್ಲವೆಂಬುದು ಇದರ ತಾತ್ಪರ್ಯ. ಆ ಕ್ರಮವನ್ನೇ ಇಲ್ಲಿ ಅನುಸರಿಸುವೆನು.

ಮೊದಲು ವಿಷಯ. ಆಸ್ತಿಗೂ ಪ್ರಾತಿನಿಧ್ಯಕ್ಕೂ ನಮ್ಮ ಮೈಸೂರು ಸೀಮೆಯಲ್ಲಿ ಬಹುಕಾಲದ ನಂಟಿದೆ. 1881ನೆಯ ಇಸವಿಯಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆಯು ಸ್ಥಾಪಿತವಾಯಿತಷ್ಟೆ. ಮೊದಲು ನಾಮಕರಣದಿಂದ ಬರುತ್ತಿದ್ದ ಪ್ರತಿನಿಧಿಗಳನ್ನು ಮುಂದೆ ಆರಿಸುವ ಪದ್ಧತಿಯು ಬಂದಾಗಲೂ, ಇಷ್ಟು ಭೂಕಂದಾಯವನ್ನು ಸಲ್ಲಿಸುವವನು, ಇಂತಹ ಆಸ್ತಿಯುಳ್ಳವನು, ಇಂತಹ ವಿದ್ಯೆಯುಳ್ಳವನು ಎಂಬ ಅರ್ಹತೆಗಳಿದ್ದವು. ಅಂದರೆ ಆಗ ಆಸ್ತಿಯು ಸಭೆಯ ಬಾಗಿಲಾಗಿತ್ತು; ಅದಿಲ್ಲದವನು ಹೊರಗೆ ನಿಲ್ಲಬೇಕಾಗಿತ್ತು. ಸ್ವಾತಂತ್ರ್ಯಾನಂತರ, 1951-52ರ ಮಹಾಚುನಾವಣೆಯಲ್ಲಿ, ವಯಸ್ಸಿಗೆ ಬಂದ ಪ್ರತಿಯೊಬ್ಬರಿಗೂ ಮತಾಧಿಕಾರವು ದೊರೆತು ಆ ಬಾಗಿಲು ಬಿದ್ದುಹೋಯಿತು. ಕೂಲಿಯವನ ಮತಕ್ಕೂ ಜಮೀನ್ದಾರನ ಮತಕ್ಕೂ ತೂಕವು ಒಂದೇ ಆಯಿತು. ಹೀಗೆ ಆಸ್ತಿಯು ಅರ್ಹತೆಯಾಗಿರುವುದು ನಿಂತಿತು. ಆದರೆ ಅಧಿಕಾರದಿಂದ ಆಸ್ತಿಯು ಬೆಳೆಯುವುದು ನಿಲ್ಲಲಿಲ್ಲ. ಹಿಂದೆ "ನಿನಗೆಷ್ಟಿದೆ?" ಎಂಬುದು ಒಳಗೆ ಬಿಡುವುದಕ್ಕಾಗಿ ಕೇಳಿದ ಪ್ರಶ್ನೆಯಾಗಿದ್ದರೆ, ಇಂದು ಅದೇ ಪ್ರಶ್ನೆಯು "ಒಳಗೆ ಹೋಗುವಾಗ ಎಷ್ಟಿತ್ತು, ಹೊರಗೆ ಬರುವಾಗ ಎಷ್ಟಾಯಿತು?" ಎಂದು ತಿರುಗಿ ನಿಂತಿದೆ.

ಈ ಪ್ರಶ್ನೆಯನ್ನು ಕೇಳುವ ಹಕ್ಕು ಪ್ರಜೆಗೆ ಸುಲಭವಾಗಿ ದೊರೆತುದಲ್ಲ. 1999ರಲ್ಲಿ ಪ್ರಜಾಸತ್ತೆಯ ಸುಧಾರಣೆಗಾಗಿ ದುಡಿಯುವ ಸಂಘವೊಂದು ದೆಹಲಿಯ ಉಚ್ಚ ನ್ಯಾಯಾಲಯದಲ್ಲಿ ಅರ್ಜಿಯನ್ನು ಹಾಕಿತು. 2000ದಲ್ಲಿ ಆ ನ್ಯಾಯಾಲಯವೂ, 2002ನೆಯ ಇಸವಿ ಮೇ 2ರಂದು ಸರ್ವೋಚ್ಚ ನ್ಯಾಯಾಲಯವೂ, ಉಮೇದುವಾರನ ಪೂರ್ವಾಪರಗಳನ್ನು ತಿಳಿಯುವುದು ಮತದಾರನ ವಾಕ್‌ಸ್ವಾತಂತ್ರ್ಯದ ಅಂಗವೇ ಆಗಿದೆಯೆಂದು ನಿರ್ಣಯಿಸಿದವು. ಮತ ಕೊಡುವುದೂ ಒಂದು ಮಾತೇ ಸರಿ; ಏನನ್ನೂ ಅರಿಯದೆ ಆಡಿದ ಮಾತು ಮಾತಲ್ಲವೆಂಬುದು ಇದರ ಅಭಿಪ್ರಾಯವೆಂದು ನಾನು ತಿಳಿಯುತ್ತೇನೆ. ಉಮೇದುವಾರನ ಮೇಲಿನ ಅಪರಾಧಗಳು, ಅವನ ವಿದ್ಯೆ, ಅವನ ಮತ್ತು ಅವನ ಹೆಂಡತಿ ಹಾಗೂ ಅವಲಂಬಿಗಳ ಆಸ್ತಿ, ಸಾಲ ಇವುಗಳನ್ನು ಪ್ರಮಾಣಪೂರ್ವಕವಾಗಿ ತಿಳಿಸತಕ್ಕದ್ದೆಂದು ವಿಧಿಸಲಾಯಿತು.

ಆಗ ನಮ್ಮ ಪ್ರತಿನಿಧಿಗಳು ಏನು ಮಾಡಿದರು? ಅದೇ ವರ್ಷ ಮೊದಲು ಸುಗ್ರೀವಾಜ್ಞೆಯನ್ನೂ ಅನಂತರ ತಿದ್ದುಪಡಿಯ ಕಾನೂನನ್ನೂ ತಂದು, ಕಾನೂನು ಕೇಳಿದಷ್ಟನ್ನು ಮಾತ್ರ ಹೇಳಿದರೆ ಸಾಕು, ನ್ಯಾಯಾಲಯವು ಏನೇ ಹೇಳಿದ್ದರೂ ಅದಕ್ಕಿಂತ ಹೆಚ್ಚಿನದನ್ನು ಹೇಳಬೇಕಾದುದಿಲ್ಲವೆಂದು ಬರೆದುಕೊಂಡರು. ಗೆದ್ದವರು ಗೆದ್ದ ಮೇಲೆ ಸಭಾಧ್ಯಕ್ಷರಿಗೆ ಆಸ್ತಿಯನ್ನು ತಿಳಿಸಿದರೆ ಸಾಕೆಂದರು. ಹೆಣ್ಣು ಕೊಟ್ಟ ಮೇಲೆ ವರನ ಮನೆತನವನ್ನು ವಿಚಾರಿಸುವ ಹಾಗಾಯಿತು. ಪರಸ್ಪರ ಬದ್ಧದ್ವೇಷಿಗಳಾದ ಪಕ್ಷಗಳೂ ಈ ಒಂದು ವಿಷಯದಲ್ಲಿ ಒಂದಾದುದನ್ನು ತಾವು ಗಮನಿಸಬೇಕು. 2003ನೆಯ ಇಸವಿ ಮಾರ್ಚಿ 13ರಂದು ಸರ್ವೋಚ್ಚ ನ್ಯಾಯಾಲಯವು ಆ ಮುಚ್ಚುವ ವಿಧಿಯನ್ನು ರದ್ದುಪಡಿಸಿತು. ಅಂದಿನಿಂದ ಈ ಪ್ರಮಾಣಪತ್ರವು ಸ್ಥಿರವಾಗಿದೆ. 2013ರಲ್ಲಿ, ಅಂಕಣಗಳನ್ನು ಖಾಲಿ ಬಿಡಕೂಡದೆಂಬ ನಿರ್ಣಯವಾಯಿತು. 2018ರಲ್ಲಿ, ಆಸ್ತಿಯನ್ನು ಮಾತ್ರವಲ್ಲದೆ ಆದಾಯದ ಮೂಲವನ್ನೂ ತಿಳಿಸತಕ್ಕದ್ದೆಂಬ ನಿರ್ಣಯವಾಯಿತು. 2019ರಲ್ಲಿ ನಮೂನೆಯನ್ನು ತಿದ್ದಿ, ಐದು ವರ್ಷಗಳ ಆದಾಯದ ಲೆಕ್ಕವನ್ನೂ ಹೊರದೇಶದ ಆಸ್ತಿಯನ್ನೂ ಸೇರಿಸಿದರು. ಸುಳ್ಳು ಹೇಳಿದವನಿಗೆ ಅಥವಾ ಮರೆಮಾಚಿದವನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ ಉಂಟು.

ನಮ್ಮ ರಾಜ್ಯದಲ್ಲಿ ಇದಕ್ಕೂ ಹಿಂದೆಯೇ ಒಂದು ಏರ್ಪಾಡಾಗಿತ್ತೆಂಬುದನ್ನು ಅಭಿಮಾನದಿಂದ ಹೇಳಬಹುದು. 1984ರ ಕರ್ನಾಟಕ ಲೋಕಾಯುಕ್ತ ಕಾನೂನಿನ 22ನೆಯ ವಿಧಿಯಂತೆ ಮಂತ್ರಿಗಳೂ ಶಾಸಕರೂ ಪ್ರತಿ ವರ್ಷವೂ ಜೂನ್ 30ರೊಳಗೆ ತಮ್ಮ ಮತ್ತು ತಮ್ಮ ಕುಟುಂಬದವರ ಆಸ್ತಿ ಋಣಗಳ ಪಟ್ಟಿಯನ್ನು ಲೋಕಾಯುಕ್ತರಿಗೆ ಒಪ್ಪಿಸತಕ್ಕದ್ದು. ಎಚ್ಚರಿಸಿದ ಮೇಲೂ ಒಪ್ಪಿಸದವರ ಹೆಸರುಗಳನ್ನು ಮೂರು ವೃತ್ತಪತ್ರಿಕೆಗಳಲ್ಲಿ ಪ್ರಕಟಿಸತಕ್ಕದ್ದು. ನೋಡಿ, ಅಲ್ಲಿ ಹೇಳಿದ ಶಿಕ್ಷೆಯು ಸೆರೆಯಲ್ಲ, ನಾಚಿಕೆ. ನಾಚುವವನಿಗೆ ಮಾತ್ರ ಅದು ಶಿಕ್ಷೆ ಎಂಬುದು ಬೇರೆ ಮಾತು.

ಎರಡನೆಯದು ಸಂಶಯ. ಇಂತಹ ಪ್ರಕಟನೆಯು ಧರ್ಮವೋ, ಅಥವಾ ಪರರ ಮನೆಯೊಳಗೆ ಇಣುಕುವ ಅಧರ್ಮವೋ? ಇದರಿಂದ ಫಲವುಂಟೋ, ಬರಿಯ ಕಾಗದವೋ?

ಮೂರನೆಯದು ಪೂರ್ವಪಕ್ಷ. ಬುದ್ಧಿವಂತರು ಹೇಳುವ ಆಕ್ಷೇಪಗಳು ಮುಖ್ಯವಾಗಿ ಮೂರು. ಒಂದನೆಯದಾಗಿ, ಮನುಷ್ಯನಿಗೆ ತನ್ನದೆಂಬ ಗೋಪ್ಯವಿರಬೇಕು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಘೋಷಿಸಿದರು. ಆ ದಾವೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಹೀಗಿರಲಾಗಿ ಉಮೇದುವಾರನ ಹೆಂಡತಿಯ ಕೊರಳಿನ ಬಂಗಾರದ ತೂಕವನ್ನು ಕಚೇರಿಯ ಗೋಡೆಗೆ ಅಂಟಿಸುವುದು ಸರಿಯೇ? ಎರಡನೆಯದಾಗಿ, ಇದಕ್ಕೆ ಅಂಜಿ ಮಾನವಂತರು ಚುನಾವಣೆಯಿಂದಲೇ ದೂರ ಸರಿಯುವರು. ಉಳಿಯುವವರು ನಾಚಿಕೆಯನ್ನು ಬಿಟ್ಟವರೇ. ಮೂರನೆಯದಾಗಿ, ಕಳ್ಳನು ಕಳ್ಳಲೆಕ್ಕವನ್ನೇ ಕೊಡುವನು. ಬೇನಾಮಿಯಾಗಿ ಅಣ್ಣನ ಹೆಸರು, ಬೆಳೆದ ಮಗನ ಹೆಸರು, ಕಾರುಚಾಲಕನ ಹೆಸರು ಇವೆ. ಸತ್ಯವಂತನ ಗಂಟು ಬಯಲಾಗುವುದು, ಅಸತ್ಯವಂತನದು ಒಳಗೇ ಉಳಿಯುವುದು. ಕೊನೆಗೆ ಮತದಾರನು ಜಾತಿಯನ್ನೋ ಪಕ್ಷವನ್ನೋ ನೋಡಿ ಓಟು ಹಾಕುವುದರಿಂದ ಈ ಕಾಗದವನ್ನು ಯಾರೂ ಓದರು.

ಈ ಆಕ್ಷೇಪಗಳು ಹುರುಳಿಲ್ಲದವುಗಳಲ್ಲ. ಇವುಗಳನ್ನು ಒಂದೊಂದಾಗಿ ವಿಚಾರಿಸಿ ಸಿದ್ಧಾಂತಕ್ಕೆ ಬರೋಣ.

ಖಾಸಗಿತನದ ಮಾತು. ಮನೆಯಲ್ಲಿ ಕುಳಿತವನ ಪೆಟ್ಟಿಗೆಯನ್ನು ತೆರೆಯುವ ಅಧಿಕಾರವು ಯಾರಿಗೂ ಇಲ್ಲ. ಆದರೆ ಉಮೇದುವಾರನು ಮನೆಯಲ್ಲಿ ಕುಳಿತವನಲ್ಲ. ನಮ್ಮ ಬಾಗಿಲಿಗೆ ಬಂದು, "ನಿಮ್ಮ ಭಂಡಾರದ ಬೀಗದ ಕೈಯನ್ನು ನನ್ನ ಕೈಗೆ ಕೊಡಿ" ಎಂದು ಕೇಳುವವನು. ಕೇಳಿದವನನ್ನು ವಿಚಾರಿಸುವುದು ಕೊಡುವವನ ಕರ್ತವ್ಯ. ನಮ್ಮ ಹುಣಸೂರು, ಪಿರಿಯಾಪಟ್ಟಣದ ರೈತರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಹೊಗೆಸೊಪ್ಪನ್ನು ಹರಾಜು ಕಟ್ಟೆಗೆ ಒಯ್ದಾಗ ಬೇಲಿನ ತೂಕವೂ ದರ್ಜೆಯೂ ದರವೂ ಹತ್ತು ಜನರ ಕಣ್ಣೆದುರಿಗೆ ನಿರ್ಧಾರವಾಗುತ್ತವೆ. ಮೇಲೆ ಹೊನ್ನಬಣ್ಣದ ಎಲೆಯನ್ನಿಟ್ಟು ನಡುವೆ ಕರಿಯ ಎಲೆಯನ್ನು ಸೇರಿಸಿದವನು, "ನನ್ನ ಬೇಲು ನನ್ನ ಖಾಸಗಿ, ಬಿಚ್ಚಬೇಡಿ" ಎಂದರೆ ಕೊಳ್ಳುವವರು ಒಪ್ಪುವರೇ? ಮಾರುವುದಕ್ಕೆ ತಂದ ಮೇಲೆ ಬಿಚ್ಚಿ ತೋರಿಸಲೇಬೇಕು; ಬೇಡವಾದರೆ ಮನೆಯಲ್ಲಿಯೇ ಇಟ್ಟುಕೊಳ್ಳಬಹುದು.

ಆದರೂ ಇದಕ್ಕೊಂದು ಎಲ್ಲೆಯುಂಟೆಂಬುದನ್ನು ಒಪ್ಪಬೇಕು. 2024ನೆಯ ಇಸವಿ ಏಪ್ರಿಲ್ 9ರಂದು ಅರುಣಾಚಲ ಪ್ರದೇಶದ ದಾವೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು, ಬಟ್ಟೆಬರೆ ಪಾತ್ರೆಪಡಗಗಳಂತಹ ಪ್ರತಿಯೊಂದು ಚರವಸ್ತುವನ್ನೂ ಉಮೇದುವಾರನು ಹೇಳಬೇಕಾದುದಿಲ್ಲ, ಅದು ದೊಡ್ಡ ಮೌಲ್ಯದ್ದಾಗಿದ್ದು ಅವನ ಜೀವನದ ರೀತಿಯನ್ನು ತೋರಿಸುವಂತಿದ್ದರೆ ಹೇಳಬೇಕೆಂದಿತು. ಇದು ಯುಕ್ತವಾಗಿಯೇ ಇದೆ. ಮತದಾರನು ಕೇಳುವುದು ಅಡಿಗೆಮನೆಯ ಲೆಕ್ಕವನ್ನಲ್ಲ, ಅಧಿಕಾರಕ್ಕೂ ಸಂಪತ್ತಿಗೂ ಇರುವ ಸಂಬಂಧದ ಲೆಕ್ಕವನ್ನು.

ಹೆಂಡತಿಯ ಬಂಗಾರದ ಮಾತಿಗೆ ನಮ್ಮ ಶರಣಪರಂಪರೆಯಲ್ಲಿಯೇ ಉತ್ತರವಿದೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿನದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅವರ ಧರ್ಮಪತ್ನಿಯಾದ ಲಕ್ಕಮ್ಮನವರು ಸಂತೋಷಪಡಲಿಲ್ಲ. ಹೆಚ್ಚಿನದು ಹೇಗೆ ಬಂದಿತೆಂದು ಕೇಳಿ ಅದನ್ನು ಅಲ್ಲಿಯೇ ಸುರಿದುಬರುವಂತೆ ಮಾಡಿದರು. ಗಂಡನ ಗಳಿಕೆಯ ಮೊದಲ ಲೆಕ್ಕಪರಿಶೋಧಕಳು ಮನೆಯಾಕೆಯೇ ಆಗಿದ್ದಳು. 2018ರ ನಿರ್ಣಯವು ಹೆಂಡತಿಯ ಆದಾಯದ ಮೂಲವನ್ನೂ ಕೇಳುವಾಗ ನನಗೆ ಲಕ್ಕಮ್ಮನವರು ನೆನಪಾಗುತ್ತಾರೆ. ನಮ್ಮ ತಾಯಂದಿರು ತಮ್ಮ ಹೆಸರಿನಲ್ಲಿ ಬಂದುದು ಎಲ್ಲಿಂದ ಬಂದಿತೆಂದು ಕೇಳುವಂತಾದರೆ, ನ್ಯಾಯಾಲಯದ ಅರ್ಧ ಕೆಲಸವು ಒಲೆಯ ಮುಂದೆಯೇ ಮುಗಿಯುವುದು.

ಮಾನವಂತರು ದೂರ ಸರಿಯುವರೆಂಬ ಮಾತು. ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದಾಗ, ಅರಸನ ಹಣವನ್ನು ಜಂಗಮರಿಗೆ ಸುರಿಯುತ್ತಿರುವರೆಂದು ಹೊಟ್ಟೆಕಿಚ್ಚಿನವರು ದೂರು ಹೇಳಿದರೆಂದೂ, ಭಂಡಾರವನ್ನು ತೆರೆದು ಎಣಿಸಲಾಗಿ ಲೆಕ್ಕದಲ್ಲಿ ಏನೂ ಕೊರತೆಯಾಗಿರಲಿಲ್ಲವೆಂದೂ ನಮ್ಮ ಪುರಾಣಗಳು ಹೇಳುತ್ತವೆ. ಆ ಕಥೆಯಲ್ಲಿ ಜನರು ಪವಾಡವನ್ನು ನೋಡುವರು. ನಾನು ನೋಡುವುದು ಅದಕ್ಕೂ ಮುಂಚಿನ ಕ್ಷಣವನ್ನು. ಅಣ್ಣನವರು "ನನ್ನನ್ನು ಸಂಶಯಪಟ್ಟೆಯಾ?" ಎಂದು ಸಿಡಿದು ಭಂಡಾರದ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಮಾನವಂತನ ಲಕ್ಷಣವು ಲೆಕ್ಕಕ್ಕೆ ಅಂಜುವುದಲ್ಲ. ನಮ್ಮ ಕಾಲದಲ್ಲಿಯೂ ಇದಕ್ಕೆ ನಿದರ್ಶನವಿದೆ. ನ್ಯಾಯಾಧೀಶರು ತಮ್ಮ ಆಸ್ತಿಯನ್ನು ಪ್ರಕಟಿಸಬೇಕೇ ಎಂಬ ವಾದವು ದೇಶದಲ್ಲೆಲ್ಲ ನಡೆಯುತ್ತಿದ್ದ 2009ರಲ್ಲಿ, ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾಗಿದ್ದ ಡಿ. ವಿ. ಶೈಲೇಂದ್ರಕುಮಾರರು ಯಾರ ಬಲವಂತವೂ ಇಲ್ಲದೆ ತಮ್ಮ ಆಸ್ತಿಯನ್ನು ಬಹಿರಂಗಪಡಿಸಿದರು. 2025ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ತನ್ನ ನ್ಯಾಯಮೂರ್ತಿಗಳ ಆಸ್ತಿವಿವರಗಳನ್ನು ಪ್ರಕಟಿಸಿತು. ಇತರರಿಗೆ ವಿಧಿಸಿದ ನಿಯಮವನ್ನು ತಾನೂ ಹೊತ್ತುಕೊಂಡಿತು.

ಇನ್ನು, ಆಸ್ತಿಯನ್ನು ಹೇಳಿಕೊಳ್ಳುವುದು ಹೊಸ ಅವಮಾನವೇ? ನಮ್ಮ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ, 1974ನೆಯ ಇಸವಿ ಮಾರ್ಚಿ 1ರಿಂದ ಭೂಸುಧಾರಣೆಯ ತಿದ್ದುಪಡಿಯು ಜಾರಿಗೆ ಬಂದುದು ಹಿರಿಯರಿಗೆ ನೆನಪಿರಬಹುದು. ಗೇಣಿದಾರನು 7ನೆಯ ನಮೂನೆಯಲ್ಲಿ ತಾನು ಉಳುತ್ತಿದ್ದ ಭೂಮಿಯನ್ನು ಹೇಳಿಕೊಂಡನು. ಮಿತಿ ಮೀರಿದ ಹಿಡುವಳಿಯಿದ್ದವನು ತನ್ನ ಭೂಮಿಯನ್ನೆಲ್ಲ ಹೇಳಿಕೊಳ್ಳಬೇಕಾಯಿತು. ತಾಲ್ಲೂಕಿನ ನ್ಯಾಯಮಂಡಳಿಯ ಮುಂದೆ ಎಲ್ಲವೂ ಬಯಲಿನಲ್ಲಿ ವಿಚಾರಣೆಯಾಯಿತು. ಮಠಮಾನ್ಯಗಳ ಗೇಣಿಭೂಮಿಗಳೂ ಹೊರತಾಗಲಿಲ್ಲ. ಶಾಲೆಯ ಉಪಾಧ್ಯಾಯನೂ ಗ್ರಾಮಲೆಕ್ಕಿಗನೂ ಸರ್ಕಾರಿ ನೌಕರರೆಂಬ ಕಾರಣದಿಂದ ವರ್ಷವರ್ಷವೂ ಆಸ್ತಿಯ ಪಟ್ಟಿಯನ್ನು ಕೊಡುತ್ತಾರೆ. ಒಕ್ಕಲಿಗನು ಹೇಳಿದನು, ಒಡೆಯನು ಹೇಳಿದನು, ಮಠವು ಹೇಳಿತು, ಉಪಾಧ್ಯಾಯನು ಹೇಳುತ್ತಿರುವನು. ಇವರೆಲ್ಲರಿಗೂ ವಿಧಿಗಳನ್ನು ಬರೆಯುವವನು ಮಾತ್ರ ಹೇಳಬಾರದೆಂಬುದು ಯಾವ ನ್ಯಾಯ?

ಮೂರನೆಯ ಆಕ್ಷೇಪವೇ ನಿಜವಾಗಿ ಬಲವಾದುದು. ಸುಳ್ಳುಲೆಕ್ಕಕ್ಕೆ ಏನು ಮಾಡಬೇಕು? ಪ್ರಮಾಣಪತ್ರವನ್ನು ಸ್ವೀಕರಿಸುವ ಚುನಾವಣಾಧಿಕಾರಿಯು ಅದರಲ್ಲಿರುವುದು ಸತ್ಯವೋ ಅಸತ್ಯವೋ ಎಂದು ಪರೀಕ್ಷಿಸುವುದಿಲ್ಲ. ಅಂಕಣಗಳು ತುಂಬಿವೆಯೇ ಎಂದು ಮಾತ್ರ ನೋಡುತ್ತಾನೆ. ಯಾರಾದರೂ ವಿರುದ್ಧವಾದ ಪ್ರಮಾಣಪತ್ರವನ್ನು ಕೊಟ್ಟರೆ ಅದನ್ನೂ ಫಲಕಕ್ಕೆ ಹಾಕುತ್ತಾನೆ. ಸತ್ಯಾಸತ್ಯದ ನಿರ್ಣಯವು ನ್ಯಾಯಾಲಯಕ್ಕೆ ಬಿಟ್ಟದ್ದು. ಅಲ್ಲಿ ಏನಾಗುತ್ತದೆಂಬುದಕ್ಕೆ ನಮ್ಮ ನೆರೆಯ ಹಾಸನದ ನಿದರ್ಶನವನ್ನು ನೋಡೋಣ. ಹೆಸರನ್ನು ಹೇಳುವುದು ನಿಂದೆಗಾಗಿಯಲ್ಲ, ಪಾಠಕ್ಕಾಗಿ. 2019ರಲ್ಲಿ ಹಾಸನದ ಲೋಕಸಭಾ ಕ್ಷೇತ್ರದಿಂದ ಪ್ರಜ್ವಲ್ ರೇವಣ್ಣನವರು ಆರಿಸಿಬಂದರು. ಪ್ರಮಾಣಪತ್ರದಲ್ಲಿ ಆಸ್ತಿಯನ್ನು ಸರಿಯಾಗಿ ತೋರಿಸಿಲ್ಲವೆಂದು, ಸೋತ ಉಮೇದುವಾರರಾದ ಎ. ಮಂಜು ಅವರೂ ಮತದಾರರೊಬ್ಬರೂ ಉಚ್ಚ ನ್ಯಾಯಾಲಯಕ್ಕೆ ಹೋದರು. ಇಂತಹ ಅರ್ಜಿಯನ್ನು ಫಲಿತಾಂಶವಾದ 45 ದಿನಗಳೊಳಗೆ ಸಲ್ಲಿಸಬೇಕೆಂದೂ, ಸಾಧ್ಯವಾದಮಟ್ಟಿಗೆ ಆರು ತಿಂಗಳಲ್ಲಿ ಮುಗಿಸಬೇಕೆಂದೂ ಕಾನೂನಿದೆ. ತೀರ್ಪು ಬಂದುದು 2023ನೆಯ ಇಸವಿ ಸೆಪ್ಟೆಂಬರ್ 1ರಂದು. ಉಚ್ಚ ನ್ಯಾಯಾಲಯವು ಆ ಚುನಾವಣೆಯನ್ನು ಅಸಿಂಧುವೆಂದಿತು. ಅರ್ಜಿದಾರ ಉಮೇದುವಾರರ ನಡತೆಯಲ್ಲಿಯೂ ದೋಷವನ್ನು ಕಂಡು, ಅವರನ್ನು ಗೆದ್ದವರೆಂದು ಸಾರಲು ಒಪ್ಪಲಿಲ್ಲ. ಅದೇ ತಿಂಗಳು 18ರಂದು ಸರ್ವೋಚ್ಚ ನ್ಯಾಯಾಲಯವು ಈ ತೀರ್ಪಿಗೆ ತಡೆಯನ್ನು ಕೊಟ್ಟಿತು. 2024ರಲ್ಲಿ ಆ ಲೋಕಸಭೆಯ ಅವಧಿಯೇ ಮುಗಿಯಿತು.

ಇದರಿಂದ ತಿಳಿಯತಕ್ಕದ್ದೇನು? ನ್ಯಾಯಾಲಯಕ್ಕೆ ಹಲ್ಲುಂಟು, ಆದರೆ ಊಟ ಮುಗಿದ ಮೇಲೆ ಬರುವ ಹಲ್ಲು ಅದು. ಐದು ವರ್ಷಗಳ ಅಧಿಕಾರದಲ್ಲಿ ನಾಲ್ಕು ವರ್ಷಗಳಿಗೂ ಮೀರಿ ಕಳೆದ ಬಳಿಕ ಬಂದ ನಿರ್ಣಯವು, ಅದರಲ್ಲಿಯೂ ತಡೆಯಾದ ನಿರ್ಣಯವು, ಹಾಸನದ ಮತದಾರನಿಗೆ ಏನನ್ನು ಕೊಟ್ಟಿತು? ಆದುದರಿಂದ ಕಾನೂನಿನ ಮೇಲೆ ಭಾರವನ್ನು ಹಾಕಿ ನಾವು ಮಲಗುವಂತಿಲ್ಲ. ಓದುವ ಕಣ್ಣು ಹಳ್ಳಿಯಲ್ಲಿಯೇ ಇರಬೇಕು. ಬೇನಾಮಿಯ ಅಣ್ಣನಾರು, ಕಾರುಚಾಲಕನಿಗೆ ತೋಟವು ಹೇಗೆ ಬಂದಿತು ಎಂಬುದು ದೆಹಲಿಗೆ ತಿಳಿಯದು. ಊರಿನ ಅರಳಿಕಟ್ಟೆಗೆ ತಿಳಿದಿರುತ್ತದೆ.

ಹಾಗೆಯೇ ಕಾಗದವನ್ನು ಓದುವಾಗ ವಿವೇಕವೂ ಬೇಕು. 2024ರಲ್ಲಿ ಮೈಸೂರು-ಕೊಡಗು ಕ್ಷೇತ್ರದಿಂದ ನಿಂತ ಯದುವೀರ ಒಡೆಯರ್ ಅವರ ಪ್ರಮಾಣಪತ್ರದಲ್ಲಿ ಸ್ವಂತ ಮನೆಯಾಗಲಿ ಭೂಮಿಯಾಗಲಿ ಇಲ್ಲವೆಂದಿದ್ದುದನ್ನು ಕೇಳಿ ನಮ್ಮ ಹಳ್ಳಿಗಳಲ್ಲಿ ಜನರು ಬೆರಗಾದರು. ಅದರಲ್ಲಿ ದೋಷವೇನೂ ಇಲ್ಲ. ನಮೂನೆಯು ಕೇಳುವುದು ಉಮೇದುವಾರನ, ಪತ್ನಿಯ, ಅವಿಭಕ್ತ ಕುಟುಂಬದ ಮತ್ತು ಅವಲಂಬಿಗಳ ಹೆಸರಿನಲ್ಲಿರುವುದನ್ನು ಮಾತ್ರ. ಅವಲಂಬಿಗಳಲ್ಲದ ತಾಯಿತಂದೆಗಳು, ಮಕ್ಕಳು, ಒಡಹುಟ್ಟಿದವರು ಅದರ ಹೊರಗೆ. ಕಾಗದವು ಎಷ್ಟನ್ನು ಹೇಳುತ್ತದೆ, ಎಷ್ಟನ್ನು ಹೇಳುವುದಿಲ್ಲ ಎಂಬುದನ್ನು ತಿಳಿದು ಓದಬೇಕೆನ್ನುವುದಕ್ಕಾಗಿ ಇದನ್ನು ಹೇಳಿದೆನು. ಸಿರಿವಂತಿಕೆಯು ಪಾಪವಲ್ಲ, ಬಡತನವು ಪುಣ್ಯವಲ್ಲ. ಒಬ್ಬನಿಗೆ ಎಷ್ಟಿದೆಯೆಂಬುದಕ್ಕಿಂತಲೂ, ಹಿಂದಿನ ಚುನಾವಣೆಯಿಂದ ಈ ಚುನಾವಣೆಗೆ ಎಷ್ಟು ಬೆಳೆಯಿತು, ಯಾವ ಕಾಯಕದಿಂದ ಬೆಳೆಯಿತು ಎಂಬುದೇ ಕೇಳತಕ್ಕ ಪ್ರಶ್ನೆ. ಭೂಮಿಯ ಬೆಲೆಯೇ ಏರಿ ಅಂಕಿಯು ಬೆಳೆದಿರಬಹುದು. ಅದಕ್ಕೆ ಉತ್ತರವು ಸುಲಭ. ಉತ್ತರವಿಲ್ಲದ ಬೆಳವಣಿಗೆಗೆ ಮಾತ್ರ ಅಂಜಬೇಕು.

ಆದುದರಿಂದ ಉಮೇದುವಾರನು ತನ್ನ ಆಸ್ತಿಯನ್ನು ಪ್ರಕಟಿಸಲೇಬೇಕು, ಪ್ರಕಟಿಸಿದ್ದನ್ನು ಮತದಾರನು ಓದಲೇಬೇಕು ಎಂಬುದೇ ಸಿದ್ಧಾಂತ. ಎರಡನೆಯದಿಲ್ಲದೆ ಮೊದಲನೆಯದು ಕುರುಡನ ಮುಂದೆ ಹಿಡಿದ ದೀಪವಾಗುವುದು.

ಕೊನೆಯದಾಗಿ ಸಂಗತಿ. ಇದಕ್ಕೂ ನಮ್ಮ ಶ್ರೀಮಠಕ್ಕೂ ಏನು ಸಂಬಂಧ? ನಮ್ಮ ನಾಲ್ಕು ತಾಲ್ಲೂಕುಗಳು ವಿಧಾನಸಭೆಗೆ ನಾಲ್ವರನ್ನು ಕಳುಹಿಸುತ್ತವೆ. ಲೋಕಸಭೆಗಾದರೋ ಹುಣಸೂರು, ಪಿರಿಯಾಪಟ್ಟಣಗಳು ಮೈಸೂರು-ಕೊಡಗಿಗೂ, ಕೃಷ್ಣರಾಜನಗರವು ಮಂಡ್ಯಕ್ಕೂ, ಹೆಗ್ಗಡದೇವನಕೋಟೆಯು ಚಾಮರಾಜನಗರಕ್ಕೂ ಸೇರಿವೆ. ಹೀಗೆ ಲಕ್ಷ್ಮಣತೀರ್ಥ, ಕಾವೇರಿ, ಕಪಿಲೆಗಳ ದಡದ ಭಕ್ತರು ಬೇರೆ ಬೇರೆ ಕ್ಷೇತ್ರಗಳಲ್ಲಿ ಮತ ಹಾಕಿದರೂ ಒಂದೇ ಮಠದ ಅಂಗಳದಲ್ಲಿ ಸೇರುವರು. ಆದುದರಿಂದಲೇ ಚುನಾವಣೆಯ ಕಾಲದಲ್ಲಿ ನಮ್ಮ ಅಂಗಳದಲ್ಲಿ ವಾಹನಗಳ ಸಾಲು ನಿಲ್ಲುತ್ತದೆ. ಬಂದವರಿಗೆಲ್ಲ ಸನ್ನಿಧಾನದವರ ಆಶೀರ್ವಾದವುಂಟು. ಮಳೆಯು ಯಾರ ಹೊಲವೆಂದು ನೋಡಿ ಸುರಿಯುವುದಿಲ್ಲ. ಆದರೆ ಆಶೀರ್ವಾದದ ಭಾವಚಿತ್ರವನ್ನು ಮರುದಿನವೇ ಪ್ರಮಾಣಪತ್ರವೆಂಬಂತೆ ಹಂಚುವವರೂ ಉಂಟು. ಗುರುವಿನ ಮುಂದೆ ಬಾಗಿದ ತಲೆಯು ಲೆಕ್ಕಕ್ಕೆ ಬದಲಾಗಲಾರದು.

ಆದಕಾರಣ ಸನ್ನಿಧಾನದವರ ಪಾದಗಳಲ್ಲಿಯೂ ಮಹಾಜನಗಳಲ್ಲಿಯೂ ಮೂರು ಬಿನ್ನಹಗಳನ್ನು ಮಾಡಿಕೊಳ್ಳುವೆನು. ಚಿಕ್ಕವನ ಬಾಯಲ್ಲಿ ದೊಡ್ಡ ಮಾತಾದರೆ ಕ್ಷಮಿಸಬೇಕು.

ಮೊದಲನೆಯದು. ಮುಂದಿನ ಚುನಾವಣೆಗಳಲ್ಲಿ ನಾಮಪತ್ರಗಳ ಪರಿಶೀಲನೆಯಾದ ಕೂಡಲೇ, ನಮ್ಮ ಪಾಠಶಾಲೆಯ ವಿದ್ಯಾರ್ಥಿಗಳು ಎಲ್ಲ ಉಮೇದುವಾರರ ಪ್ರಮಾಣಪತ್ರಗಳನ್ನೂ, ಹಿಂದೆ ನಿಂತವರಾದರೆ ಅವರ ಹಿಂದಿನ ಪ್ರಮಾಣಪತ್ರಗಳನ್ನೂ ತಂದು, ತಿಳಿಗನ್ನಡದಲ್ಲಿ ಒಂದು ಪುಟಕ್ಕಿಳಿಸಿ, ಊರಿನ ಜಗಲಿಯ ಮೇಲೆ ಓದಿ ಹೇಳಲಿ. ಯಾರಿಗೆ ಮತ ಹಾಕಿರೆಂದು ಒಂದಕ್ಷರವನ್ನೂ ಹೇಳಬಾರದು. ಎಲ್ಲರದನ್ನೂ ಒಂದೇ ಧ್ವನಿಯಲ್ಲಿ ಓದಬೇಕು. ನನ್ನಂತೆ ಧ್ವನಿಯನ್ನು ತಗ್ಗಿಸಬಾರದು.

ಎರಡನೆಯದು. ಚುನಾವಣೆಯು ಘೋಷಿತವಾದಂದಿನಿಂದ ಮುಗಿಯುವವರೆಗೆ ಉಮೇದುವಾರರಿಂದಾಗಲಿ ಅವರ ಕಡೆಯವರಿಂದಾಗಲಿ ಶ್ರೀಮಠವು ಕಾಣಿಕೆಯನ್ನು ಸ್ವೀಕರಿಸದಿರಲಿ. 2024ನೆಯ ಇಸವಿ ಫೆಬ್ರವರಿ 15ರಂದು ಸರ್ವೋಚ್ಚ ನ್ಯಾಯಾಲಯವು, ರಾಜಕೀಯ ಪಕ್ಷಗಳಿಗೆ ಹೆಸರನ್ನು ಮರೆಮಾಡಿ ಹಣ ಕೊಡುವ ಚುನಾವಣಾ ಬಾಂಡುಗಳ ಯೋಜನೆಯನ್ನು ರದ್ದುಪಡಿಸಿತು. ಕೊಟ್ಟವನಾರೆಂದು ತಿಳಿಯದ ಹಣವು ಪಕ್ಷಕ್ಕೇ ತಕ್ಕುದಲ್ಲವೆಂದಾದ ಮೇಲೆ ಮಠಕ್ಕೆ ತಕ್ಕುದೇ?

ಮೂರನೆಯದು. ಪರರ ಲೆಕ್ಕವನ್ನು ಕೇಳುವವನು ತನ್ನ ಲೆಕ್ಕವನ್ನು ಮೊದಲು ಇಡಬೇಕು. ಪ್ರತಿ ವರ್ಷವೂ ಜಾತ್ರೆಯ ದಿನ ಶ್ರೀಮಠದ ಜಮಾಖರ್ಚು, ಭೂಮಿಕಾಣಿಗಳ ಪಟ್ಟಿ, ದಾನಿಗಳ ಹೆಸರು ಮತ್ತು ಮೊತ್ತಗಳನ್ನು ಮಹಾದ್ವಾರದ ಪಕ್ಕದಲ್ಲಿ ಬರೆದು ಹಾಕಲಿ. ದಾಸೋಹದ ಅಕ್ಕಿಯ ಪ್ರತಿಯೊಂದು ಮೂಟೆಯೂ ಯಾವ ಹೊಲದ್ದೆಂದು ಕೇಳಿದ ಮಗುವಿಗೆ ಉತ್ತರ ಹೇಳುವಂತಿರಲಿ. ಆಗ ತಾಲ್ಲೂಕು ಕಚೇರಿಯ ಫಲಕವನ್ನು ಓದುವಾಗ ನಮ್ಮಲ್ಲಿ ಯಾರೂ ಧ್ವನಿಯನ್ನು ತಗ್ಗಿಸಬೇಕಾದುದಿಲ್ಲ.

ಈ ಬಿನ್ನಹಗಳಿಂದ ಕೆಲವರ ಮನಸ್ಸಿಗೆ ನೋವಾಗಬಹುದು. ಶ್ರೀಮಠಕ್ಕೆ ಬರುವ ಕಾಣಿಕೆಯೂ ಕೆಲಕಾಲ ಕಡಿಮೆಯಾಗಬಹುದು. ಲಕ್ಕಮ್ಮನವರು ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದ ದಿನ ಅವರ ಮಡಕೆಯಲ್ಲಿಯೂ ಅಕ್ಕಿಯು ಕಡಿಮೆಯೇ ಆಗಿತ್ತು. ಆದರೂ ಜಂಗಮದಾಸೋಹವು ನಿಲ್ಲಲಿಲ್ಲ.

ಅಂದು ಪಹಣಿಯನ್ನು ಹಿಡಿದು ನಿಂತಿದ್ದ ಆ ರೈತರು ಈ ಸಭೆಯಲ್ಲಿರುವರೋ ಇಲ್ಲವೋ ನಾನರಿಯೆ. ಇದ್ದರೆ ಅವರು ಕೇಳಿದ ಪ್ರಶ್ನೆಗೆ ತಡವಾಗಿಯಾದರೂ ನನ್ನ ಉತ್ತರ ಇದು: ಅಯ್ಯಾ, ಇದುವರೆಗೆ ಯಾರೂ ಸರಿಯಾಗಿ ಓದಲಿಲ್ಲ. ಇನ್ನು ಮುಂದೆ ನಾವು ಓದುತ್ತೇವೆ, ತಾವು ಕೇಳಬೇಕು.